ಜೆಟ್ ಮುಟ್ಟುವ ಮೊದಲು

ಕೋಲಾರ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟುವಿಗೆ ನಿನ್ನ ಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಕಳಿಸಿದ ನಿನ್ನ ಯೆಜ್ಡಿ ರೋಡ್‌ಕಿಂಗ್ ಬೈಕಿನ ಎಂಜಿನ್ ಸದ್ದನ್ನು ಮೂರು ಸಲ ಕೇಳಿದೆ. ಕೊನೆಯ ಸಲ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಈ ಪತ್ರ ಓದಿ ಮುಗಿಸುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡ.

ತಣ್ಣಗಿದ್ದಾಗ ಎರಡೇ ಕಿಕ್ಕಿಗೆ ಹತ್ತಿಕೊಳ್ಳುತ್ತದೆ ಅಂದೆ. ಹತ್ತು ನಿಮಿಷ ಓಡಿಸಿದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಅರ್ಧ ಥ್ರಾಟಲ್‌ನಲ್ಲಿ ಮುಗ್ಗರಿಸುತ್ತದೆ. ಪ್ಲಗ್ ಬಿಚ್ಚಿದರೆ ಸುಣ್ಣದ ಹಾಗೆ ಬಿಳಿ. ಇಷ್ಟಕ್ಕೆ ನೀನು ಒಂದೇ ವಾರದಲ್ಲಿ ಪ್ಲಗ್ ಬದಲಾಯಿಸಿದೆ, ಕಾಯಿಲ್ ಬದಲಾಯಿಸಿದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೈನ್ ಜೆಟ್ಟನ್ನು ಮೂರು ಸಲ ಬದಲಾಯಿಸಿದೆ, ಕಿಡಿ ಹಾರುವ ಟೈಮಿಂಗನ್ನೂ ಮುಟ್ಟಿದೆ. ಈಗ ಯಾವುದರಿಂದ ಏನಾಯಿತು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಮಾಡು. ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡು.

ನಂದಿಬೆಟ್ಟಕ್ಕೆ ಹತ್ತಿಸಿದ್ದಕ್ಕೇ ಹೀಗಾಯಿತು ಅಂತ ನಿನ್ನ ಗೆಳೆಯರು ಹೇಳಿದರಂತೆ. ಅದು ಸರಿಯಲ್ಲ. ನಂದಿ 1478 ಮೀಟರ್ ಎತ್ತರ, ನಿಜ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಆದರೆ ಗಾಳಿ ತೆಳುವಾದರೆ ಪೆಟ್ರೋಲ್ ಪಾಲು ಹೆಚ್ಚಾಗಿ ಪ್ಲಗ್ ಕಪ್ಪಾಗಬೇಕಿತ್ತು. ನಿನ್ನದು ಬೆಳ್ಳಗಿದೆ. ಮನೆಗೆ ಬಂದ ಮೇಲೂ ಹಾಗೇ ಇದೆ. ಅಂದರೆ ಎಲ್ಲೋ ಒಂದು ಕಡೆಯಿಂದ ಕರೆಯದ ಗಾಳಿ ಒಳಗೆ ನುಗ್ಗುತ್ತಿದೆ.

ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಹೋಗುವುದು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸಿನ ಒಳಕ್ಕೆ. ಅಲ್ಲಿಂದ ಮೇಲೆ ಬಂದು ಉರಿಯುತ್ತದೆ. ಆ ಕೇಸಿಗೆ ಕಾರ್ಬ್ಯುರೇಟರ್ ಒಂದೇ ಬಾಗಿಲು ಆಗಿರಬೇಕು. ಕ್ರ್ಯಾಂಕಿನ ಎರಡೂ ಕಡೆ ಒಂದೊಂದು ಆಯಿಲ್ ಸೀಲ್ ಇದೆ ನೋಡು, ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಗಾಡಿಯಲ್ಲಿ ಆ ರಬ್ಬರು ಒಣಗಿ ಗಟ್ಟಿಯಾಗಿರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲನ್ನು ಎಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ, ಪ್ಲಗ್ ಒದ್ದೆಯಾಗುತ್ತದೆ. ಇನ್ನೊಂದು ಕಡೆ, ಅಂದರೆ ಕಿಡಿ ಕೊಡುವ ಪಾಯಿಂಟ್ ಇರುವ ಕಡೆಯ ಸೀಲ್ ಹೋದರೆ ಹೊಗೆ ಇಲ್ಲ, ಗುರುತೂ ಇಲ್ಲ. ಬರೀ ಗಾಳಿ ಎಳೆಯುತ್ತದೆ. ನಿನ್ನ ಗಾಡಿಯಲ್ಲಿ ಹೊಗೆ ಇಲ್ಲ, ಗೇರ್ ಆಯಿಲೂ ಇಳಿದಿಲ್ಲ. ಹಾಗಾಗಿ ನನ್ನ ಅನುಮಾನ ಪಾಯಿಂಟ್ ಕಡೆಯ ಸೀಲ್ ಮೇಲೆ, ಇಲ್ಲಾಂದ್ರೆ ಕಾರ್ಬ್ಯುರೇಟರ್ ಕೂರುವ ಗ್ಯಾಸ್ಕೆಟ್ ಮೇಲೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನಗೆ ಆಗ ಇಪ್ಪತ್ತಾರು ವಯಸ್ಸು. ಇದೇ ರೋಡ್‌ಕಿಂಗ್. ಮಣ್ಣಿನ ರೇಸಿಗೆ ಅಂತ ಒಂದು ವರ್ಕ್‌ಶಾಪಿನಲ್ಲಿ ಸಿಲಿಂಡರ್ ಬೋರ್ ಮಾಡಿಸಿದ್ದೆ. ಹೊಸ ಪಿಸ್ಟನ್, ಹೊಸ ರಿಂಗು, ಆದರೆ ಸೀಲ್ ಮಾತ್ರ ಹಳೆಯದನ್ನೇ ಹಾಕಿದ್ದರು. ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳ ನಡುವೆ ಹೋಗುತ್ತಿದ್ದೆ. ಅವತ್ತಿನಷ್ಟು ಚುರುಕಾಗಿ ಆ ಗಾಡಿ ಯಾವತ್ತೂ ಓಡಿರಲಿಲ್ಲ. ಪೆಟ್ರೋಲ್ ಕಮ್ಮಿಯಾದ ಎಂಜಿನ್ ಹಾಗೇ, ಜಾಮ್ ಆಗುವ ಮೊದಲು ತುಂಬಾ ಚೆನ್ನಾಗಿ ಎಳೆಯುತ್ತದೆ. ಎಂಜಿನ್ನಿನ ಸದ್ದು ಕೀರಲಾಯಿತು, ಮರುಕ್ಷಣ ಹಿಂದಿನ ಚಕ್ರ ಹಿಡಿದುಕೊಂಡಿತು. ಕ್ಲಚ್ ಹಿಡಿಯಲು ಬೆರಳು ಹೋಗುವಷ್ಟರಲ್ಲಿ ನಾನು ನೆಲದ ಮೇಲಿದ್ದೆ. ಎಡಗಡೆ ಕಾಲರ್ ಬೋನ್ ಮುರಿದಿತ್ತು. ನಿನ್ನ ಅಜ್ಜಿ ಆರು ವಾರ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ಆ ಪಿಸ್ಟನ್ ಇನ್ನೂ ನನ್ನ ಹತ್ತಿರ ಇದೆ. ಎಕ್ಸಾಸ್ಟ್ ಕಡೆ ಅಲ್ಯುಮಿನಿಯಂ ಕರಗಿ ಗೀರುಗೀರಾಗಿದೆ, ಒಂದು ರಿಂಗು ಅದರ ಕಚ್ಚಿನಲ್ಲೇ ಅಂಟಿಕೊಂಡುಬಿಟ್ಟಿದೆ. ಬಂದಾಗ ಕೈಯಲ್ಲಿ ಹಿಡಿದು ನೋಡು.

ಗಾಳಿ ಎಲ್ಲಿಂದ ನುಗ್ಗುತ್ತಿದೆ ಅಂತ ಹುಡುಕುವುದಕ್ಕೆ ದೊಡ್ಡ ಸಾಮಾನು ಬೇಕಿಲ್ಲ. ಮನೆಯಲ್ಲಿ ಬಿಪಿ ನೋಡುವ ಗಡಿಯಾರದ ಮಿಷಿನ್ ಇದೆ ಅಲ್ವಾ, ಕೈಯಲ್ಲಿ ಒತ್ತುವ ರಬ್ಬರ್ ಬಲ್ಬಿನದು? ಅದರ ಪಟ್ಟಿ ತೆಗೆದು, ಬಲ್ಬು, ಮೀಟರು, ಪೈಪು ಮಾತ್ರ ಇಟ್ಟುಕೋ. ಕಾರ್ಬ್ಯುರೇಟರ್ ಬಿಚ್ಚು. ಆ ಜಾಗಕ್ಕೆ ದಪ್ಪ ತಗಡಿನ ಪ್ಲೇಟ್ ಕತ್ತರಿಸಿ, ಕೆಳಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿ ಮಾಡು. ಪ್ಲೇಟಿನ ನಡುವೆ ತೂತು ಕೊರೆದು ಹಳೇ ಟ್ಯೂಬಿನ ವಾಲ್ವ್ ಕಡ್ಡಿ ಕೂರಿಸು, ಒಳಗಿನ ಪಿನ್ನು ತೆಗೆದಿರಬೇಕು. ಬಿಪಿ ಪೈಪು ಅದಕ್ಕೆ. ಎಕ್ಸಾಸ್ಟಿನ ಎರಡೂ ಬಾಯಿಯನ್ನು ರಬ್ಬರಿನಿಂದ ಮುಚ್ಚು. ಪ್ಲಗ್ ಹಾಕಿರಲಿ. ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸು, ಆಗ ಇನ್‌ಲೆಟ್ ಬಾಯಿ ಕೇಸಿನ ಒಳಕ್ಕೆ ತೆರೆದಿರುತ್ತದೆ.

ಈಗ ನಿಧಾನಕ್ಕೆ ಬಲ್ಬು ಒತ್ತು. ಮುಳ್ಳು 250ಕ್ಕೆ ಬಂದರೆ ಸಾಕು. ಅದು ಸುಮಾರು 5 ಪಿಎಸ್‌ಐ. ಅದಕ್ಕಿಂತ ಜಾಸ್ತಿ ಬೇಡ. ಪಂಕ್ಚರ್ ಅಂಗಡಿಯ ಕಂಪ್ರೆಸರನ್ನಂತೂ ಹತ್ತಿರ ತರಬೇಡ, ಒಳ್ಳೆಯ ಸೀಲೂ ಹಾರಿಹೋಗುತ್ತದೆ. ಕೈ ಬಿಟ್ಟು ಒಂದು ನಿಮಿಷ ಮುಳ್ಳನ್ನೇ ನೋಡು. 50ಕ್ಕಿಂತ ಕಮ್ಮಿ ಇಳಿದರೆ ಚಿಂತೆಯಿಲ್ಲ. ಸರ್ರನೆ ಇಳಿದರೆ ಸೋಪಿನ ನೀರು ತಗೋ. ಮೊದಲು ನೀನೇ ಮುಚ್ಚಿದ ಜಾಗಗಳಿಗೆ ಹಚ್ಚು, ಎಷ್ಟೋ ಸಲ ಸೋರಿಕೆ ಅಲ್ಲೇ ಇರುತ್ತದೆ. ಆಮೇಲೆ ಸಿಲಿಂಡರಿನ ಬುಡ, ಕೇಸಿನ ಜೋಡಣೆ. ಕೊನೆಗೆ ಬಲಗಡೆ ಕವರ್ ತೆಗೆದು ಡೈನಮೋ ಹಿಂದೆ. ಅಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಬಂದರೆ ಪಾಯಿಂಟ್ ಕಡೆಯ ಸೀಲೇ. ಗೇರ್ ಆಯಿಲ್ ಹಾಕುವ ಬಾಯಿಗೂ ನೊರೆ ಎಳೆದು ನೋಡು. ಅದು ಬಲೂನಿನ ಹಾಗೆ ಉಬ್ಬಿದರೆ ಕ್ಲಚ್ ಕಡೆಯದೂ ಹೋಗಿದೆ ಅಂತ ಅರ್ಥ. ಒಂದು ಹೋಗಿದ್ದರೂ ಎರಡನ್ನೂ ಬದಲಾಯಿಸು.

ಜೋಡಿಸುವಾಗ ಕಾರ್ಬ್ಯುರೇಟರ್ ಹತ್ತಿರ ಸಿಲಿಕಾನ್ ಅಂಟು ಹಚ್ಚಬೇಡ. ಪೆಟ್ರೋಲ್ ತಾಗಿದರೆ ಅದು ಉಬ್ಬಿ, ಚೂರುಚೂರಾಗಿ ಜೆಟ್ಟಿಗೆ ಹೋಗಿ ಕೂರುತ್ತದೆ. ಪೇಪರ್ ಗ್ಯಾಸ್ಕೆಟ್ಟೇ ಸಾಕು.

ಇನ್ನೊಂದು ವಿಷಯ ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವುದರಲ್ಲಿ 20 ಪರ್ಸೆಂಟ್ ಎಥನಾಲ್ ಇದೆ. ಒಂದು ಕೆಜಿ ಬರೀ ಪೆಟ್ರೋಲ್ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು. ಹಾಗಾಗಿ ಹಳೇ ಜೆಟ್ಟಿನಲ್ಲಿ ಈ ಪೆಟ್ರೋಲ್ ಹಾಕಿದರೆ ಗಾಳಿ ಪಾಲು ತಾನಾಗೇ ಹೆಚ್ಚುತ್ತದೆ. ಮೈನ್ ಜೆಟ್ ಒಂದು ಸೈಜ್ ದೊಡ್ಡದು ಬೇಕಾಗಬಹುದು, ಆದರೆ ಅದು ಸೋರಿಕೆ ನಿಂತ ಮೇಲಿನ ಮಾತು. ಎಥನಾಲ್ ನೀರನ್ನೂ ಹೀರುತ್ತದೆ, ಹಳೇ ರಬ್ಬರನ್ನೂ ತಿನ್ನುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬ್ಯುರೇಟರಿನ ಫ್ಲೋಟ್ ಬಟ್ಟಲು ಎರಡನ್ನೂ ಖಾಲಿ ಮಾಡು. ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕು, ಕಣ್ಣಂದಾಜು ಬೇಡ, ಅಳತೆ ಮಾಡು.

ಕಿಡಿ ಕೊಡುವ ಕರೆಂಟಿನ ಮೇಲೆ ನನಗೆ ಅಷ್ಟು ಅನುಮಾನ ಇಲ್ಲ. ಕಂಡೆನ್ಸರ್ ಬಿಸಿಯಾಗಿ ಕೈಕೊಟ್ಟರೆ ಸ್ವಿಚ್ ಆಫ್ ಮಾಡಿದ ಹಾಗೆ ನಿಲ್ಲುತ್ತದೆ. ನಿನ್ನದು ಉಸಿರು ಕಟ್ಟಿದ ಹಾಗೆ ಸೊರಗುತ್ತದೆ. ಆದರೂ ಪಾಯಿಂಟ್ ಗ್ಯಾಪ್ 0.4 ಮಿಮೀ ಇದೆಯಾ ನೋಡಿ, ಟೈಮಿಂಗ್ ಮೊದಲಿದ್ದಲ್ಲಿಗೆ ತಂದುಬಿಡು.

ಮತ್ತೆ, ಕೆಜಿಎಫ್‌ನ ಸೈನೈಡ್ ದಿಬ್ಬದ ಮೇಲೆ, ಆ ಚಿನ್ನದ ಗಣಿಯ ತ್ಯಾಜ್ಯದ ಗುಡ್ಡದ ಮೇಲೆ ಓಡಿಸಿದೆ ಅಂದೆಯಲ್ಲ, ಅದು ನನಗೆ ಇಷ್ಟವಾಗಲಿಲ್ಲ. ಆ ಧೂಳು ರಾಗಿ ಹಿಟ್ಟಿನಷ್ಟು ನುಣುಪು. ಫೋಮ್ ಫಿಲ್ಟರಿಗೆ ಎಣ್ಣೆ ಇಲ್ಲದಿದ್ದರೆ ನೇರ ಬೋರಿಗೆ ಹೋಗುತ್ತದೆ. ನಿನ್ನ ಎದೆಗೂ ಒಳ್ಳೆಯದಲ್ಲ. ನಾವು ಓಡಿಸುತ್ತಿದ್ದ ಕೆರೆಯಂಗಳದಲ್ಲಿ ಈಗ ಬೆಂಗಳೂರಿನಿಂದ ಶುದ್ಧೀಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರು ನಿಂತಿದೆ, ಜಾಗ ಕಮ್ಮಿಯಾಗಿದೆ, ಒಪ್ಪುತ್ತೇನೆ. ನಮ್ಮ ತೋಟದ ಹಿಂದಿನ ದಾರಿ ಇದೆ, ಅಲ್ಲಿ ಓಡಿಸು.

ಮುಂದಿನ ಭಾನುವಾರ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಾ. ಓಡಿಸಿಕೊಂಡು ಬರಬೇಡ, ಹತ್ತಿರಾನೇ ಅಲ್ವಾ ಅಂತಲೂ ಅನ್ನಬೇಡ. ಎರಡು ಸೀಲು, ಗ್ಯಾಸ್ಕೆಟ್ ಪೇಪರ್ ನಾನು ತಂದಿಟ್ಟಿರುತ್ತೇನೆ. ಬಿಪಿ ಮಿಷಿನ್ ಮಾತ್ರ ನೀನು ತಾ, ನಮ್ಮದು ಬ್ಯಾಟರಿಯದು. ಅಮ್ಮನಿಗೆ ಕೇಳಿ ತಗೋ.

ಇಂತಿ ನಿನ್ನ ಪ್ರೀತಿಯ
ಮಾವ