ಅಪ್ಪಾಜಿ ಊಟದ ಚಿಂತಿ ಬಿಡು

ಲೀಡ್ಸ್, ಇಂಗ್ಲೆಂಡ್, ಶನಿವಾರ

ಅವ್ವಾ, ನಮಸ್ಕಾರ. ನಾವೆಲ್ಲ ಆರಾಮ ಅದೀವಿ. ಥಂಡಿ ಶುರುವಾಗೈತಿ, ಅಷ್ಟ.

ಅಪ್ಪಾಜಿ ಹಲ್ಲು ತಗಿಸಿದ ಮ್ಯಾಲ ಖಂಡ ಮುಟ್ಟವಲ್ರು, ಬರೇ ಗಂಜಿ ಕುಡದು ಸೊರಗ್ಯಾರ ಅಂತ ಬರದೀದಿ. ಎಂಟು ಸೀಟಿ ಹೊಡಿಸಿದ್ರೂ ನಾರುನಾರು ಆಗತೈತಿ ಅಂದೀದಿ. ಅದು ನಿನ್ನ ಕೈ ತಪ್ಪಲ್ಲ. ಕುಕ್ಕರಿನ ಉಗಿ ಹತ್ತತ್ರ 120 ಡಿಗ್ರಿಗೆ ಹೋಗತೈತಿ. ಕೊಬ್ಬಿಲ್ಲದ ತೊಡಿ ಖಂಡ ಆ ಕಾವಿಗೆ ಬಿಗದು ತನ್ನ ನೀರೆಲ್ಲ ಬಿಟ್ಟುಬಿಡತೈತಿ. ಹೆಗಲಿನ ಖಂಡ ತರಸು.

ಇಲ್ಲಿ ಮಂದಿ ಮುಂಜಾನೆ ಸ್ಲೋ ಕುಕ್ಕರ್ ಹಚ್ಚಿ ಕೆಲಸಕ್ಕ ಹೋಗತಾರ, ಸಂಜಿಗೆ ಬರೂದ್ರಾಗ ಊಟ ತಯಾರ. ಸೀಟಿಲ್ಲ, ಒತ್ತಡ ಇಲ್ಲ. ಪಿಂಗಾಣಿ ಗಡಗಿ, ಗಾಜಿನ ಮುಚ್ಚಳ. ಹಿಂದಕ ಕೆಂಡದ ಮ್ಯಾಲ ಗಡಗಿ ಇಟ್ಟು ಬಿಡತಿದ್ರಲ್ಲ, ಅದ ಕೆಲಸ ಇದು ಕರೆಂಟಿನ್ಯಾಗ ಮಾಡತೈತಿ. ಖಂಡದಾಗಿನ ಬಿಳಿ ಪೊರಿ ತಾಸುಗಟ್ಟಲೆ ಸಣ್ಣ ಕಾವಿಗೆ ಕರಗಿ ಅಂಟಂಟು ರಸ ಆಗತೈತಿ. ನಾಲಿಗೀಲೆ ಒತ್ತಿದ್ರ ಸಾಕು, ಹಲ್ಲು ಬೇಕಾಗೂದಿಲ್ಲ.

ಇಲ್ಲಿಯವರು ಒಂದು ಕಿಲೋ ಬೀಫಿಗೆ ಎರಡು ಚಮಚ ಮೈದಾ ಸವರಿ, ಸ್ವಲ್ಪಸ್ವಲ್ಪನ ಎಣ್ಣ್ಯಾಗ ಕೆಂಪಗ ಹುರೀತಾರ. ಒಮ್ಮೆಲೆ ಹಾಕಿದ್ರ ನೀರು ಬಿಟ್ಟು ಬೇಯತೈತಿ, ಹುರಿಯೂದಿಲ್ಲ. ತಳಕ್ಕ ಬಟಾಟಿ, ಗಜ್ಜರಿ. ಅವು ಖಂಡಕ್ಕಿಂತ ತಡಾ ಬೇಯತಾವ. ಮ್ಯಾಲ ಖಂಡ, ಎರಡು ಉಳ್ಳಾಗಡ್ಡಿ, ನಾಕು ಎಸಳು ಬಳ್ಳೊಳ್ಳಿ, ಕಾಲು ಕಿಲೋ ಅಣಬಿ. ನೀರು ಒಂದು ವಾಟಗಾ, 250 ಮಿಲಿ, ಸಾಕು. ಇದರಾಗ ನೀರು ಆರೂದಿಲ್ಲ, ಸಾರಿನ ಅಳತಿ ಹಾಕಿದ್ರ ತಿಳಿನೀರ ಆಗತೈತಿ. ಸಣ್ಣ ಕಾವಿನ್ಯಾಗ ಎಂಟು ತಾಸು. ಕುರಿ ಖಂಡಕ್ಕ ಆರೇಳು ತಾಸು ಸಾಕು. ನಡುವ ಮುಚ್ಚಳ ತಗದು ನೋಡಬ್ಯಾಡ. ಒಮ್ಮೆ ತಗದ್ರ ಅರ್ಧ ತಾಸು ಹೆಚ್ಚಿಗಿ ಬೇಕಾಗತೈತಿ.

ಕೆನಿ ಮಾತ್ರ ಕಡೀಕ. ಮೊದಲ ಹಾಕಿದ್ರ ಒಡದು ಗಿಣ್ಣದಂಗ ಆಗತೈತಿ. ಬಂದ್ ಮಾಡೂದು 20 ನಿಮಿಷ ಇರೋವಾಗ 150 ಮಿಲಿ. ಇಲ್ಲಿಯ ಡಬಲ್ ಕ್ರೀಮಿನ್ಯಾಗ 48 ಪರ್ಸೆಂಟ್ ಕೊಬ್ಬು, ಸುಲಭಕ್ಕ ಒಡಿಯೂದಿಲ್ಲ. ಅಲ್ಲಿ ಪಾಕೀಟಿನ ಕ್ರೀಮ್ ಸಾಮಾನ್ಯ 25 ಪರ್ಸೆಂಟ್. ಅದಕ್ಕ ಒಂದು ಚಮಚ ಕಾರ್ನ್‌ಫ್ಲೋರ್ ಕಲಸಿ, ಬಿಸಿ ರಸ ಸ್ವಲ್ಪ ಬೆರಸಿ ಆಮ್ಯಾಲ ಹಾಕು. ಎಮ್ಮಿ ಹಾಲಿನ ಕೆನಿ ಆದ್ರ ಇನ್ನೂ ಛಲೋ. ಅಪ್ಪಾಜಿಗೆ ಬಿಪಿ ಐತಿ, ರಸದ ರುಚಿಗೆ ಹಾಕೂ ಸ್ಟಾಕ್ ಕ್ಯೂಬ್ ಹಾಕಬ್ಯಾಡ, ಅದರಾಗ ಉಪ್ಪು ಭಾಳ. ವಸಡು ಹಸಿ ಇರೂತನಾ ಬ್ಯಾಡಗಿ ಖಾರಾನೂ ಬ್ಯಾಡ. ಜ್ವಾಳದ ನುಚ್ಚಿನ ಮ್ಯಾಲ ಹಾಕಿ, ಬಿಸಿ ಆರಿದ ಮ್ಯಾಲ ಕೊಡು.

ಸಣ್ಣ ಮಾಮಾ ಡಿಸೆಂಬರಿಗೆ ಬರೋವಾಗ ಕುಕ್ಕರ್ ತರತಾನ. ಇಲ್ಲೂ 230 ವೋಲ್ಟ್, ಪಿನ್ನಿಗೆ ಅಡಾಪ್ಟರ್ ಹಚ್ಚಿದ್ರ ನಡೀತೈತಿ. ಅಮೇರಿಕಾದ್ದು ಆಗಿದ್ರ ಸುಟ್ಟುಹೋಗತಿತ್ತು. ಫ್ರಿಜ್ಜಿನ್ಯಾಗ ಗಟ್ಟಿಯಾದ ಖಂಡ ಹಂಗ ಹಾಕಬ್ಯಾಡ, ಕಾವು ಏರೂದು ತಡಾ ಆಗಿ ಕೆಡತೈತಿ. ಬೇಯೋವಾಗ ಕರೆಂಟ್ ಹೋದ್ರ ಕಾಯಬ್ಯಾಡ, ಸ್ಟೀಲಿನ ಪಾತೇಲಿಗೆ ಸುರದು ಗ್ಯಾಸಿನ ಮ್ಯಾಲ ಮುಗಸು. ಪಿಂಗಾಣಿ ಗಡಗಿ ಗ್ಯಾಸಿನ ಮ್ಯಾಲ ಇಟ್ಟೀಗಿಟ್ಟೀ, ಸೀಳತೈತಿ. ಯಾರೂ ಇಲ್ಲದಾಗ ಕರೆಂಟ್ ಎಷ್ಟೊತ್ತು ಹೋಗಿತ್ತೋ ತಿಳೀಲಿಲ್ಲಂದ್ರ ಚೆಲ್ಲಿಬಿಡು, ರೊಕ್ಕದ ಮಾರಿ ನೋಡಬ್ಯಾಡ.

ಅಲ್ಲೀತನಾ ದಪ್ಪ ತಳದ ಪಾತೇಲಿ, ಕೆಳಗ ಹಂಚು, ಸಣ್ಣ ಉರಿ, ಮೂರು ತಾಸು. ನಾವು ಹೊಟ್ಟಿ ತುಂಬ ಉಣ್ಣತೀವಿ, ಜ್ವರ ಇಲ್ಲ, ಕೆಮ್ಮಿಲ್ಲ, ಏನೂ ಇಲ್ಲ, ನಮ್ಮ ಚಿಂತಿ ಬ್ಯಾಡ. ಅಪ್ಪಾಜಿ ತೂಕ ಎಷ್ಟಾತು, ಅಷ್ಟು ಬರಿ. ಟಪಾಲಿನ ಹೊತ್ತಾತು, ಓಡತೀನಿ.

ನಿನ್ನ ಮಗಳು