ಬೆರಳು ಬೇಗ ಬದಲಾಗುತ್ತದೆ, ಕಣ್ಣು ಬದಲಾಗೋದು ಕಷ್ಟ

ಸಂಪಾದಕರಿಗೆ ನಮಸ್ಕಾರ,

ಕೆಲಸದ ಜಾಗ ಬದಲಾಗುತ್ತಿದೆ, ಹಳೆಯದನ್ನು ಮರೆತು ಹೊಸದನ್ನು ಕಲಿಯಿರಿ ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಇಪ್ಪತ್ತಾರು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕೂತು, ಲೆಡ್ಜರ್ ಪುಸ್ತಕದಿಂದ ಹಿಡಿದು ಎಐ ತನಕ ಐದು ಪದ್ಧತಿ ಕಂಡವನಿಗೆ ಆ 'ಮರೆಯಿರಿ' ಅನ್ನೋ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಹೊಸದು ಕಲಿಯಿರಿ ಅಂದರೆ ಸರಿ, ಕೂತು ಕಲಿಯಬಹುದು. ಮರೆಯೋದನ್ನು ಕೂತು ಮಾಡೋದು ಹೇಗೆ?

ನನ್ನದೇ ಕಥೆ ಹೇಳುತ್ತೇನೆ. ನಮ್ಮ ಹಳೆಯ ಸಾಫ್ಟ್‌ವೇರ್‌ನಲ್ಲಿ ಎಂಟರ್ ಒತ್ತಿದರೆ ಮುಂದಿನ ಕಾಲಂಗೆ ಹೋಗುತ್ತಿತ್ತು. ಹೊಸದು ಬಂತು, ಅದರಲ್ಲಿ ಎಂಟರ್ ಒತ್ತಿದರೆ ವೋಚರ್, ಅಂದರೆ ಒಂದು ವ್ಯವಹಾರದ ದಾಖಲೆ, ಸೀದಾ ಪೋಸ್ಟ್ ಆಗಿ ಲೆಕ್ಕಕ್ಕೆ ಸೇರಿಬಿಡುತ್ತಿತ್ತು. ತರಬೇತಿಯಲ್ಲಿ ಇದನ್ನು ಹೇಳಿದ್ದರು, ನಾನು ಬರೆದುಕೊಂಡಿದ್ದೆ, ಪರದೆಯ ಅಂಚಿಗೆ ಚೀಟಿಯನ್ನೂ ಅಂಟಿಸಿದ್ದೆ. ಆದರೂ ಮೊದಲ ವಾರ ಅರ್ಧ ತುಂಬಿದ ಹನ್ನೊಂದು ವೋಚರ್ ಪೋಸ್ಟ್ ಮಾಡಿದೆ. ತಲೆಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ, ಅಷ್ಟೇ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಕಲಿತ ಗುಣವೂ ಹಾಗೇ.

ಪಕ್ಕದ ಮೇಜಿನ ಹುಡುಗಿ ಒಂದೂ ತಪ್ಪು ಮಾಡಲಿಲ್ಲ. 'ವಯಸ್ಸಾದವರಿಗೆ ಕಷ್ಟ ಬಿಡಿ' ಅಂತ ಮೇಲಿನವರು ಕನಿಕರದಿಂದ ಹೇಳಿದರು. ಅವಳು ಹಳೆಯದನ್ನು ಮುಟ್ಟಿಯೇ ಇರಲಿಲ್ಲ, ಬಿಡೋದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ. ಮೂರು ವರ್ಷದ ಮೇಲೆ ಅದೂ ಹೋಗಿ ಇನ್ನೊಂದು ಬಂತು ನೋಡಿ, ಆಗ ಅವಳೂ ನನ್ನ ಹಾಗೇ ತಡವರಿಸಿದಳು. ಅವಳಿಗಾಗ ಇಪ್ಪತ್ತೊಂಬತ್ತು. ವಯಸ್ಸಾಯ್ತು ಅಂತ ಯಾರೂ ಅನ್ನಲಿಲ್ಲ!

ಇನ್ನೊಂದು ವಿಷಯ ಗಮನಿಸಿ. ಕ್ಯಾಲ್ಕುಲೇಟರ್‌ನಲ್ಲಿ ಮೇಲಿನ ಸಾಲು 7, 8, 9. ಫೋನಿನಲ್ಲಿ ಮೇಲಿನ ಸಾಲು 1, 2, 3. ದಿನಾ ಎರಡನ್ನೂ ಒತ್ತುತ್ತೇವೆ, ಒಂದಕ್ಕಾಗಿ ಇನ್ನೊಂದನ್ನು ಮರೆತಿದ್ದೇವಾ? ಇಲ್ಲ. ಕೈ ತಾನು ಎಲ್ಲಿದ್ದೀನಿ ಅಂತ ನೋಡಿಕೊಂಡು ನಡೆಯುತ್ತದೆ. ಹಾಗಾಗಿ ಹಳೆಯದು ಅಳಿಸಿಹೋಗಬೇಕು ಅಂತೇನಿಲ್ಲ, ಪಕ್ಕಕ್ಕೆ ಸರಿದು ಕೂತರೆ ಸಾಕು. ಅದಕ್ಕೆ ಬೇಕಾಗಿರೋದು ಸಮಯ.

ಸಮಯ ಅಂದಾಗ ನನಗೆ ಸ್ವೀಡನ್ ನೆನಪಾಗುತ್ತದೆ. ಆ ದೇಶ 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಐದು ಗಂಟೆಗೆ ರಸ್ತೆಯ ಎಡಗಡೆಯಿಂದ ಬಲಗಡೆಗೆ ಬದಲಾಯಿತು. ಇಡೀ ದೇಶ, ಒಂದೇ ಸಲ. ರಸ್ತೆ ಮೇಲಿದ್ದ ವಾಹನಗಳು 4.50ಕ್ಕೆ ನಿಂತು, ನಿಧಾನಕ್ಕೆ ಇನ್ನೊಂದು ಬದಿಗೆ ಸರಿದು, ಐದಕ್ಕೆ ಹೊರಟವು. ಹನ್ನೆರಡು ವರ್ಷ ಮುಂಚೆ, 1955ರಲ್ಲಿ, ಜನರನ್ನು ಕೇಳಿದಾಗ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಬೇಡ ಅಂದಿದ್ದರು. 1963ರಲ್ಲಿ ಸಂಸತ್ತು ಮಾಡೇ ಮಾಡುತ್ತೇವೆ ಅಂತ ತೀರ್ಮಾನಿಸಿತು. ಆಮೇಲೆ ನಾಲ್ಕು ವರ್ಷ ತಯಾರಿ ನಡೆಸಿದರು, ಹಾಲಿನ ಪೊಟ್ಟಣದಿಂದ ಹಿಡಿದು ಒಳಉಡುಪಿನ ತನಕ ಆ ಬದಲಾವಣೆಯ ಗುರುತು ಅಚ್ಚು ಹಾಕಿದರು. ಎಲ್ಲರೂ ಮೈಯೆಲ್ಲಾ ಕಣ್ಣಾಗಿ ಓಡಿಸಿದ್ದರಿಂದ ಶುರುವಿನಲ್ಲಿ ಅಪಘಾತ ಕಡಿಮೆಯಾದವು. ಒಂದೆರಡು ವರ್ಷದಲ್ಲಿ ಅಭ್ಯಾಸವಾಗಿ ಮತ್ತೆ ಮೊದಲಿನ ಮಟ್ಟಕ್ಕೆ ಬಂದವು ಅನ್ನೋದೂ ನಿಜ.

ಒಂದು ಅಭ್ಯಾಸ ಬಿಡಿಸೋಕೆ ನಾಲ್ಕು ವರ್ಷ. ನಮಗೆ ಶುಕ್ರವಾರ ಸಂಜೆ ಮೇಲ್ ಬಂತು, ಸೋಮವಾರದಿಂದ ಹೊಸದು ಅಂತ.

ಆದರೆ ಬರೀ ಸಮಯದಿಂದ ಎಲ್ಲ ಸರಿಹೋಗಲ್ಲ, ಕಾರಣವನ್ನೂ ಹೇಳಬೇಕು. ನಾನು ಆಫೀಸಿನ ಪ್ರಥಮ ಚಿಕಿತ್ಸೆ ತಂಡದಲ್ಲಿದ್ದೆ. ಹೃದಯ ನಿಂತವರಿಗೆ ಮೊದಲು ಉಸಿರಿನ ದಾರಿ ತೆರೆಯಿರಿ, ಆಮೇಲೆ ಉಸಿರು ಕೊಡಿ, ಕೊನೆಗೆ ಎದೆ ಒತ್ತಿ ಅಂತ ಬಾಯಿಪಾಠ ಮಾಡಿಸಿದ್ದರು. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಆ ಕ್ರಮವನ್ನು ತಿರುಗಿಸಿ, ಮೊದಲು ಎದೆ ಒತ್ತಿ ಅಂದಿತು. ಕಲಿಸಲು ಬಂದವರು ಕಾರಣ ಒಂದೇ ಮಾತಲ್ಲಿ ಹೇಳಿದರು: ಮೊದಲಿನ ಎರಡು ಹೆಜ್ಜೆಯಲ್ಲಿ ತಡವರಿಸುವಷ್ಟರಲ್ಲಿ ರಕ್ತದ ಓಟ ನಿಂತೇ ಇರುತ್ತದೆ. ಹಳೆಯ ಪಾಠ ಅವತ್ತೇ ಬಿಟ್ಟೆ.

ಪಾಸ್‌ವರ್ಡ್ ಕಥೆ ಇದಕ್ಕೆ ಉಲ್ಟಾ. ಒಂದು ದೊಡ್ಡ ಅಕ್ಷರ, ಒಂದು ಅಂಕಿ, ಒಂದು ಚಿಹ್ನೆ, ಮೂರು ತಿಂಗಳಿಗೊಮ್ಮೆ ಬದಲಾವಣೆ. ಯಾಕೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಂಥ ನಿಯಮಗಳು ಹಬ್ಬಿದ್ದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2004ರಲ್ಲಿ ತಂದ ಒಂದು ಕೈಪಿಡಿಯಿಂದ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಅದರ ಬಗ್ಗೆ ಬೇಸರ ಆಗುತ್ತಿದೆ ಅಂದರು. ಪಾಸ್‌ವರ್ಡ್ ಸೋರಿದ ಸುಳಿವು ಇಲ್ಲದೆ ಸುಮ್ನೆ ಇಷ್ಟು ದಿನಕ್ಕೊಮ್ಮೆ ಬದಲಾಯಿಸಿ ಅಂತ ಒತ್ತಾಯ ಮಾಡಬೇಡಿ ಎಂದು ಅದೇ ವರ್ಷ ಆ ಸಂಸ್ಥೆಯೂ ಹೇಳಿತು. ಜನ ಕೊನೆಯ ಅಂಕಿ 1 ಇದ್ದದ್ದನ್ನು 2 ಮಾಡಿ ಕೈತೊಳೆದುಕೊಳ್ಳುತ್ತಿದ್ದರು, ನಾನೂ ಅದನ್ನೇ ಮಾಡಿದ್ದು. ಆದರೂ ನಮ್ಮಲ್ಲಿ ಆ ನಿಯಮ ಇವತ್ತಿಗೂ ಇದೆ. ಕಾರಣ ಗೊತ್ತಿದ್ದರೆ ತಾನೇ ಆ ಕಾರಣ ಮುಗೀತು ಅಂತ ಗೊತ್ತಾಗೋದು? ಕಲಿತದ್ದನ್ನು ಬಿಡಿ ಅಂತ ನಮಗೆ ಹೇಳುವವರೇ ಬಿಡದೆ ಹಿಡಿದುಕೊಂಡ ಪಾಠಗಳೂ ಜಾಸ್ತಿ ಇವೆ, ಅಲ್ವಾ?

ಈಗ ನಿಜವಾಗಿ ನನಗೆ ತಲೆನೋವಾಗಿರೋ ವಿಷಯಕ್ಕೆ ಬರುತ್ತೇನೆ.

ಕೈಬರಹದ ಕಾಲದಲ್ಲಿ ತಪ್ಪು ಎಂಟ್ರಿ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಅಂಕಿಯ ಮೇಲೆ ಅಂಕಿ ತಿದ್ದಿರುತ್ತಿತ್ತು, ಬರೆದವರು ಅನುಮಾನಿಸಿದ್ದು ಶಾಯಿಯಲ್ಲೇ ಕಾಣುತ್ತಿತ್ತು. ಅಚ್ಚುಕಟ್ಟಾಗಿ ಬರೆದವರು ಅಚ್ಚುಕಟ್ಟಾಗಿ ಯೋಚಿಸಿರುತ್ತಾರೆ ಅಂತ ನಂಬೋದನ್ನು ನನ್ನ ಕಣ್ಣು ಹಾಗೆ ಕಲಿಯಿತು. ಯಾರೂ ಕಲಿಸಿದ್ದಲ್ಲ, ಅದಕ್ಕೇ ಬಿಡೋದು ಇಷ್ಟು ಕಷ್ಟ. ಕಳೆದ ವರ್ಷ ನಮ್ಮಲ್ಲಿ ತಿಂಗಳ ವರದಿಗೆ ವಿವರಣೆ ಬರೆಯೋಕೆ ಎಐ ಬಂತು. ಒಂದು ತಿಂಗಳು ಸಾಗಣೆ ಖರ್ಚು ಏರಿತ್ತು. ಸಾಗಣೆ ದರ ಹೆಚ್ಚಾಗಿದೆ, ಸರಕೂ ಹೆಚ್ಚಾಗಿದೆ ಅಂತ ಅದು ಒಂದು ಪ್ಯಾರಾ ಬರೆದುಕೊಟ್ಟಿತು. ಎಷ್ಟು ಚೆನ್ನಾಗಿತ್ತು ಅಂದರೆ ಓದಿ ಸಹಿ ಹಾಕಿದೆ. ನಿಜವಾಗಿ ಆಗಿದ್ದು ಇಷ್ಟೇ, ಒಂದೇ ಬಿಲ್ಲು ಎರಡು ತಾರೀಕಿನಲ್ಲಿ ಎರಡು ಸಲ ಲೆಕ್ಕಕ್ಕೆ ಏರಿತ್ತು. ಹೊಸಬರೊಬ್ಬರು ಗೀಚಿದ ಅಕ್ಷರದಲ್ಲಿ ಅದೇ ವಿವರಣೆ ಬರೆದಿದ್ದರೆ ನಾನು ಖಂಡಿತ ಬಿಲ್ಲಿನ ಕಟ್ಟು ತೆಗೆಸುತ್ತಿದ್ದೆ. ನಾನು ನಂಬಿದ್ದು ವಾಕ್ಯದ ಅಂದವನ್ನು.

ಹೀಗೇ ಇನ್ನೊಂದು. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಅದನ್ನು ಒಂಬತ್ತರಿಂದ ಭಾಗಿಸಿ ನೋಡು ಅಂತ ನನ್ನ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು. ಶೇಷ ಇಲ್ಲದೆ ಭಾಗವಾದರೆ ಯಾರೋ ಅಂಕಿ ಅದಲುಬದಲು ಬರೆದಿರಬಹುದು. 54ರ ಬದಲು 45 ಬರೆದರೆ ವ್ಯತ್ಯಾಸ 9, 821ರ ಬದಲು 281 ಬರೆದರೆ 540. ಈ ಒಂದು ಉಪಾಯದಿಂದ ಎಷ್ಟೋ ರಾತ್ರಿ ಬೇಗ ಮನೆಗೆ ಹೋಗಿದ್ದೇನೆ! ಈಗ ಬಿಲ್ಲನ್ನು ಸ್ಕ್ಯಾನರ್ ಓದುತ್ತದೆ. ಅದು ಮನುಷ್ಯರ ಹಾಗೆ ಅಂಕಿ ಅದಲುಬದಲು ಮಾಡಲ್ಲ, ಮಸುಕಾದ 8 ಅನ್ನು 3 ಅಂತ ಓದುತ್ತದೆ. ಆಗ ವ್ಯತ್ಯಾಸ 5, 50 ಅಥವಾ 500, ಒಂಬತ್ತರ ಉಪಾಯ ಇಲ್ಲಿ ನಡೆಯಲ್ಲ. ಅದನ್ನು ಬಿಟ್ಟುಬಿಟ್ಟೆ, ಬೇಜಾರಿಂದಲೇ. ಆದರೆ ಅದರ ಹಿಂದಿದ್ದ ಪ್ರಶ್ನೆ ಬಿಟ್ಟಿಲ್ಲ. ಈ ತಪ್ಪು ಮಾಡಿದ್ದು ಯಾರು, ಅವರು ಎಂಥ ತಪ್ಪು ಮಾಡುವವರು? ಮೊದಲು ಇದನ್ನು ಮನುಷ್ಯರ ಬಗ್ಗೆ ಕೇಳುತ್ತಿದ್ದೆ, ಈಗ ಯಂತ್ರದ ಬಗ್ಗೆ ಕೇಳಬೇಕು. ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಮೊತ್ತ ಸಮ ಇದೆಯಾ ಅಂತ ನೋಡುವ ಪಟ್ಟಿ, ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ, ಒಬ್ಬರ ಖಾತೆಯದು ಇನ್ನೊಬ್ಬರ ಖಾತೆಗೆ ಬಿದ್ದರೂ ಅದು ತಾಳೆಯಾಗುತ್ತದೆ ಅನ್ನೋದು ಹಳೆಯ ಪಾಠ. ಅದನ್ನೂ ಮರೆಯಿರಿ ಅಂತೀರಾ?

ಯಾವ ತರಬೇತಿಯಲ್ಲೂ ಇದರ ಮಾತೇ ಬರಲ್ಲ. ಯಾವ ಬಟನ್ ಎಲ್ಲಿದೆ ಅಂತ ತೋರಿಸುತ್ತಾರೆ. ಅದನ್ನು ಒಂದು ತಿಂಗಳಲ್ಲಿ ಬೆರಳು ತಾನೇ ಕಲಿತುಕೊಳ್ಳುತ್ತದೆ. ಹೊಸ ಯಂತ್ರ ಎಲ್ಲಿ ಎಡವುತ್ತದೆ, ಎಡವಿದಾಗ ನೋಡೋಕೆ ಹೇಗಿರುತ್ತದೆ ಅಂತ ತೋರಿಸಿದವರನ್ನು ನಾನಿನ್ನೂ ನೋಡಿಲ್ಲ. ಮಾರುವವರು ತೋರಿಸಲ್ಲ ಬಿಡಿ, ಕೊಳ್ಳುವವರಾದರೂ ಕೇಳಬಹುದಲ್ಲ.

ಮುಂದಿನ ವಾರ ನಮಗೆ ಇನ್ನೊಂದು ತರಬೇತಿ ಇದೆ. ಎರಡು ಗಂಟೆ, ಅದರಲ್ಲಿ ಪ್ರಶ್ನೆಗೆ ಕೊನೆಯ ಹತ್ತು ನಿಮಿಷ. ಕಳೆದ ವರ್ಷದಲ್ಲಿ ಯಂತ್ರ ತಪ್ಪಾಗಿ ಓದಿದ ಬಿಲ್ಲುಗಳನ್ನೆಲ್ಲ ಒಂದು ಕಟ್ಟು ಮಾಡಿಟ್ಟಿದ್ದೇನೆ, ಆ ಎರಡು ಸಲ ಏರಿದ ಬಿಲ್ಲೂ ಅದರಲ್ಲಿದೆ. ತೆಗೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಇಂತಿ ನಿಮ್ಮ ಓದುಗ,
ಲೆಕ್ಕಪತ್ರ ವಿಭಾಗದ ಒಬ್ಬ ನೌಕರ