ಒಂದೇ ಜಾತಿಯ ಪಾಚಿ ಅಂದ್ಮೇಲೆ ಬೇರೆ ಬೇರೆ ಎಣಿಸುವುದೇಕೆ?

ಬರ್ಗೆನ್, ನಾರ್ವೆ
ಜೂನ್ ಮೊದಲ ವಾರ

ಪ್ರೀತಿಯ ಅಪ್ಪ, ಅಮ್ಮ,

ನಾನು ಆರಾಮ. ಮಳೆ ನೋಡಿದರೆ ಕುಮಟಾ ಬಿಟ್ಟು ಬಂದಿದ್ದೇನೆ ಅನಿಸುವುದೇ ಇಲ್ಲ, ಚಳಿ ಮಾತ್ರ ಜಾಸ್ತಿ. ಅಮ್ಮ, ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಅಪ್ಪ ಫೋನಿನಲ್ಲಿ ಕೇಳಿದ್ರಲ್ಲ, "ಎಲ್ಲ ಒಂದೇ ಜಾತಿಯ ಪಾಚಿ ಅಂತೀಯ, ಮತ್ತೆ ಅದರಲ್ಲೂ ಬೇರೆ ಬೇರೆ ಮಾಡಿ ಎಣಿಸೋದು ಯಾಕೆ?" ಅಂತ. ಲೈನ್ ಕಟ್ಟಾಯಿತು. ಉತ್ತರ ಸ್ವಲ್ಪ ಉದ್ದ ಇದೆ.

ಇಲ್ಲಿ ಸಮುದ್ರ ಬೆಟ್ಟಗಳ ನಡುವೆ ಒಳಗೆ ನುಗ್ಗಿದೆ, ಅದಕ್ಕೆ ಫ್ಯೋರ್ಡ್ ಅಂತಾರೆ. ವಸಂತದಲ್ಲಿ ಮೊದಲು ಹೆಚ್ಚುವುದು, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಾದ ಡಯಾಟಮ್‌ಗಳು. ಅವಕ್ಕೆ ಗಾಜಿನಂಥ ಚಿಪ್ಪು ಕಟ್ಟಲು ನೀರಲ್ಲಿ ಕರಗಿದ ಸಿಲಿಕೇಟ್ ಅನ್ನುವ ಲವಣ ಬೇಕು. ಅದು ತೀರಾ ಕಡಿಮೆಯಾಗಿ, ಲೀಟರಿಗೆ ಸುಮಾರು 2 ಮೈಕ್ರೋಮೋಲ್‌ಗಿಂತ ಕೆಳಗೆ ಇಳಿದರೆ ಅವುಗಳ ಜೋರು ಮುಗಿಯಿತು. ಆಗ ಎಮಿಲಿಯಾನಿಯಾ ಹಕ್ಸ್‌ಲೆಯಿಯಂಥವಕ್ಕೆ ಜಾಗ. ಅದು ನೀವು ಕೇಳಿದ ಪಾಚಿ, ಒಂದೇ ಕೋಶದ ಜೀವಿ, ಮೈತುಂಬ ಸುಣ್ಣದ ಬಿಲ್ಲೆಗಳು. ಕೋಟಿಗಟ್ಟಲೆ ಸೇರಿದರೆ ನೀರು ಹಾಲು ಬೆರೆಸಿದ ನೀಲಿಯಾಗುತ್ತದೆ, ಉಪಗ್ರಹಕ್ಕೂ ಕಾಣುತ್ತದೆ. ಇಷ್ಟು ಜಾತಿ ಜಾತಿಗಳ ನಡುವಿನ ಕಥೆ.

ಆಮೇಲೆ ಬರುತ್ತದೆ ವೈರಸ್. ಹಕ್ಸ್‌ಲೆಯಿಗೆಂದೇ ಇರುವ ವೈರಸ್, ಕೆಲವೇ ದಿನಗಳಲ್ಲಿ ಆ ನೀಲಿಯನ್ನೆಲ್ಲ ಅಳಿಸಿಬಿಡಬಲ್ಲದು. ಆದರೆ ಎಲ್ಲವೂ ಸಾಯುವುದಿಲ್ಲ! 2013ರಲ್ಲಿ ಇದೇ ಒಂದು ಜಾತಿಯ ಹಲವು ತಳಿಗಳ ಜೀನೋಮ್, ಅಂದ್ರೆ ಜೀನ್ ಎಲ್ಲದರ ಪೂರ್ತಿ ಪಟ್ಟಿ, ಹೋಲಿಸಿ ನೋಡಿದರು. ಒಂದರಲ್ಲಿರುವ ಎಷ್ಟೋ ಜೀನ್ ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಕೆಲವು ತಳಿಗಳಿಗೆ ಈ ವೈರಸ್ ತಾಗುವುದಿಲ್ಲ. ಇನ್ನೂ ಮಜಾ ಅಂದ್ರೆ, ಇದೇ ಜೀವಿಗೆ ಸುಣ್ಣವಿಲ್ಲದ, ಈಜಾಡುವ ಇನ್ನೊಂದು ರೂಪ ಇದೆ. ಅದರಲ್ಲಿ ಜೀನ್ ಹೊತ್ತ ಕ್ರೋಮೋಸೋಮ್ ಅರ್ಧದಷ್ಟೇ. ವೈರಸ್ ಅದನ್ನು ಮುಟ್ಟುವುದಿಲ್ಲ ಅಂತ 2008ರಲ್ಲಿ ಗೊತ್ತಾಯಿತು.

ಅಪ್ಪ, ನಿಮಗೆ ಇದು ಹೊಸದಲ್ಲ. ಭತ್ತವೆಲ್ಲ ಭತ್ತವೇ, ಆದರೂ ಸಮುದ್ರದ ಹತ್ತಿರದ ಗಜನಿ ಗದ್ದೆಗೆ ಉಪ್ಪುನೀರು ನುಗ್ಗಿದಾಗ ನಿಲ್ಲುವುದು ಕಗ್ಗ ತಳಿ ಮಾತ್ರ ಅಲ್ವಾ?

ಬರೀ "ಹಕ್ಸ್‌ಲೆಯಿ ಇಷ್ಟು" ಅಂತ ಬರೆದಿಟ್ಟರೆ ಯಾವ ತಳಿ ಹೋಯಿತು, ಯಾವುದು ಉಳಿಯಿತು ಅನ್ನುವುದೇ ತಪ್ಪಿಹೋಗುತ್ತದೆ. ನನ್ನ ಪ್ರಕಾರ ಮುಂದಿನ ನೀಲಿ ಎಷ್ಟು ಜೋರು, ಎಷ್ಟು ದಿನ ಅನ್ನುವುದು ಬದುಕುಳಿದ ತಳಿಗಳ ಮೇಲೆ ಬಹಳ ನಿಂತಿದೆ. ಸತ್ತ ಕೋಶಗಳಿಂದ ಸೋರಿದ್ದನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ, ಸುಣ್ಣ ತಳಕ್ಕಿಳಿಯುತ್ತದೆ. ಅಲ್ಲಿಗೆ ಇಡೀ ನೀರಿನ ಊಟದ ಲೆಕ್ಕವೇ ಬದಲು. ಇದನ್ನು ನೋಡಲೆಂದೇ ಇಲ್ಲಿಯ ವಿಶ್ವವಿದ್ಯಾಲಯದವರು ಫ್ಯೋರ್ಡ್‌ನಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲಗಳನ್ನು ತೇಲಿಬಿಟ್ಟು, ಗೊಬ್ಬರ ಹಾಕಿ, ಬೇರೆ ಬೇರೆ ವರ್ಷ ಪ್ರಯೋಗ ಮಾಡಿದ್ದಾರೆ. ಸಮುದ್ರಕ್ಕೆ ಗೊಬ್ಬರ ಅಂದ್ರೆ ಅಪ್ಪ ನಗ್ತಾರೆ, ಗೊತ್ತು.

ನಮ್ಮ ಕಡೆಯೂ ಮಳೆಗಾಲದಲ್ಲಿ ತಳದ ತಣ್ಣೀರು ಮೇಲೆದ್ದು ಡಯಾಟಮ್ ಹೆಚ್ಚುತ್ತವೆ, ತಾರ್ಲೆ ಮೀನಿಗೆ ಅದೇ ಮೇವು. ಅಮ್ಮ, ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಅಲ್ವಾ, ಆಮೇಲೆ ತಾರ್ಲೆ ಬಂತಾ, ರೇಟು ಎಷ್ಟು ಅಂತ ಬರೀರಿ. ಅಪ್ಪ ಮಾತ್ರೆ ತಪ್ಪಿಸಬಾರದು.

ನಿಮ್ಮ ಮಗಳು